ಮಂಗಳೂರಿನ ಸೆಖೆಯಲ್ಲಿ ಕಾರ್ಸೆಟ್

ನವೆಂಬರ್ ಬಂತೆಂದರೆ ಕಂಕನಾಡಿಯ ನನ್ನ ಟೈಲರಿಂಗ್ ಅಂಗಡಿಯಲ್ಲಿ ಮದುವೆ ಗೌನ್ ಹೊಲಿಸುವವರದ್ದೇ ಸಾಲು. ಫೋನಿನಲ್ಲಿ ಫೋಟೊ ತೋರಿಸಿ, "ಆಂಟಿ, ಸೊಂಟ ಇಷ್ಟೇ ಕಾಣಬೇಕು" ಅನ್ನುತ್ತಾರೆ. ನಾನು ಮೊದಲು ಕೇಳುವುದು ಸೊಂಟದ ಅಳತೆ ಅಲ್ಲ. ಹಾಲ್ ಎಸಿಯಾ, ನಾನ್ ಎಸಿಯಾ? ನಮ್ಮ ಊರಿನ ಸೆಖೆಯಲ್ಲಿ ಅದು ಮೊದಲು ಗೊತ್ತಾಗಬೇಕು.

ಸೊಂಟ ಸಣ್ಣ ಕಾಣಲು ಗೌನಿನ ಒಳಗೆ ಬಿಗಿದು ಕಟ್ಟುವ ಉಡುಪೇ ಕಾರ್ಸೆಟ್. ಗೌನಿನ ಬೆನ್ನಿಗೆ ಡೋರಿ ಹಾಕಿದ ಮಾತ್ರಕ್ಕೆ ಅದು ಕಾರ್ಸೆಟ್ ಆಗುವುದಿಲ್ಲ. ಒಳಗೆ ಗಟ್ಟಿ ಬಟ್ಟೆ ಬೇಕು, ಉದ್ದಕ್ಕೂ ಸ್ಟೀಲ್ ಪಟ್ಟಿ ಬೇಕು. ಆ ಪಟ್ಟಿಗೆ ನಾವು ಬೋನ್ ಅನ್ನುತ್ತೇವೆ. ಹಿಂದೆ ಯುರೋಪಿನಲ್ಲಿ ತಿಮಿಂಗಿಲದ ಬಾಯಿಯೊಳಗಿನ ಪಟ್ಟಿ ಹಾಕುತ್ತಿದ್ದರಂತೆ, ಹೆಸರು ಅಲ್ಲಿಂದಲೇ ಬಂದದ್ದು. ನಾನು ಮೊದಲ ಬಾರಿ ಆನ್‌ಲೈನಿನಲ್ಲಿ ತರಿಸಿದ್ದರಲ್ಲಿ ಇದ್ದದ್ದು ಪ್ಲಾಸ್ಟಿಕ್. ನಾಲ್ಕು ಸಲ ಹಾಕುವಷ್ಟರಲ್ಲಿ ಸೊಂಟದ ಹತ್ತಿರ ಮಡಚಿ, ಪಕ್ಕೆಗೆ ಚುಚ್ಚಿತು. ಈಗ ಏನೇ ಬಂದರೂ ಫ್ರಿಜ್ಜಿನ ಮ್ಯಾಗ್ನೆಟ್ ಹಿಡಿದು ನೋಡುತ್ತೇನೆ. ಬದಿಗೆ ಸುರುಳಿ ಸ್ಟೀಲ್ ಇದ್ದರೆ ಒಳ್ಳೆಯದು, ಮೈ ಜೊತೆ ಬಾಗುತ್ತದೆ. ಬಟ್ಟೆ ದಪ್ಪ ಕಾಟನ್ ಡ್ರಿಲ್ ಆಗಿರಲಿ. ಬರೀ ಸ್ಯಾಟಿನ್ ಎಳೆದರೆ ಜಗ್ಗುತ್ತದೆ, ಬೆವರೂ ಹೀರುವುದಿಲ್ಲ.

ಅಳತೆ ಹೀಗೆ. ಬದಿಗೆ ಬಾಗಿ, ಮಡಿಕೆ ಬೀಳುವ ಜಾಗವೇ ಸೊಂಟ. ಅದು 30 ಇಂಚು ಇದ್ದರೆ 26ರ ಕಾರ್ಸೆಟ್ ಸಾಕು. 26 ಅಂದರೆ ಹಿಂದೆ ಪೂರ್ತಿ ಮುಚ್ಚಿದಾಗಿನ ಅಳತೆ. ನಾವು ಪೂರ್ತಿ ಮುಚ್ಚುವುದಿಲ್ಲ, ಬೆನ್ನಲ್ಲಿ ಎರಡು ಇಂಚು ಜಾಗ ಬಿಡುತ್ತೇವೆ. ಆಮೇಲೆ ಕುರ್ಚಿಯಲ್ಲಿ ಕೂತು ಎದೆಯ ಕೆಳಗಿನಿಂದ ತೊಡೆಯವರೆಗೆ ಅಳೆಯಿರಿ. ಇದನ್ನು ಯಾರೂ ಅಳೆಯುವುದಿಲ್ಲ ಮಾರಾಯ್ರೆ! ಕಾರ್ಸೆಟ್ ಅದಕ್ಕಿಂತ ಉದ್ದ ಇದ್ದರೆ ಇಗರ್ಜಿಯಲ್ಲಿ ಕೂರುವಾಗ, ಮೊಣಕಾಲೂರುವಾಗ ಗೊತ್ತಾಗುತ್ತದೆ. ಗೌನಿನ ಅಳತೆ ಕಾರ್ಸೆಟ್ ಕಟ್ಟಿದ ಮೇಲೆಯೇ ತೆಗೆಸಿ.

ಮದುವೆ ದಿನವೇ ಮೊದಲ ಸಲ ಹಾಕಬೇಡಿ. ಎರಡು ವಾರ ಮೊದಲೇ ಶುರು ಮಾಡಿ. ದಿನಕ್ಕೆ ಒಂದೆರಡು ಗಂಟೆ, ಸ್ವಲ್ಪವೇ ಬಿಗಿದು, ಮನೆಯಲ್ಲಿ ಓಡಾಡಿ. ಬಟ್ಟೆಯೂ ಮೈಯೂ ಹೊಂದಿಕೊಳ್ಳಲಿ. ಒಳಗೆ ತೆಳು ಕಾಟನ್ ಬನಿಯನ್ ಕಡ್ಡಾಯ.

ಕಟ್ಟುವಾಗ ಡೋರಿ ಪೂರ್ತಿ ಸಡಿಲ ಇರಲಿ. ಮುಂದಿನ ಹುಕ್ಕುಗಳಲ್ಲಿ ಮೇಲಿನಿಂದ ಎರಡನೆಯದನ್ನು ಮೊದಲು ಹಾಕಿದರೆ ಉಳಿದವು ಸುಲಭ. ಬೆನ್ನಲ್ಲಿ ಮೇಲಿನಿಂದ ಸೊಂಟಕ್ಕೆ, ಕೆಳಗಿನಿಂದ ಸೊಂಟಕ್ಕೆ ಡೋರಿ ಎಳೆದು ತರಬೇಕು. ಅಮ್ಮಂದಿರಿಗೆ ಒಂದೇ ಸಲ ಜಗ್ಗುವ ಆತುರ. ನಿಧಾನ. ಬೆನ್ನಿನ ಜಾಗ ಮೇಲಿಂದ ಕೆಳಗೆ ಒಂದೇ ಸಮ ಕಾಣಬೇಕು. ಒಂದು ಕಡೆ ಅಗಲ, ಒಂದು ಕಡೆ ಸಣ್ಣ ಇದ್ದರೆ ಅಳತೆ ತಪ್ಪಿದೆ ಎಂದು ಅರ್ಥ. ಉಳಿದ ಡೋರಿಯನ್ನು ಸೊಂಟಕ್ಕೆ ಸುತ್ತಬೇಡಿ, ಬಟ್ಟೆ ಸವೆಯುತ್ತದೆ. ಕಾಲು ಜೋಮು ಹಿಡಿದರೆ, ಉಸಿರು ಕಟ್ಟಿದರೆ, ಎದೆಯುರಿ ಬಂದರೆ ಕೂಡಲೇ ಸಡಿಲಿಸಿ, ಫೋಟೊಗ್ರಾಫರ್ ಏನೇ ಹೇಳಲಿ. ಗರ್ಭಿಣಿಯರಿಗೆ, ಹರ್ನಿಯಾ ಇದ್ದವರಿಗೆ, ಆಪರೇಶನ್ ಆದವರಿಗೆ ಇದು ಬೇಡವೇ ಬೇಡ. ಕಾರ್ಸೆಟ್ ಕಟ್ಟಿರುವಾಗ ಮದುವೆ ಊಟದ ಸಾನ್ನಾಂ (ಇಡ್ಲಿಯಂಥದ್ದು), ಬಫಾತ್ (ಮಾಂಸದ ಸಾರು) ಎಲ್ಲ ಸ್ವಲ್ಪ ಸ್ವಲ್ಪವೇ ತಿನ್ನಿ.

ಬಿಚ್ಚುವಾಗಲೇ ಜಾಸ್ತಿ ಹಾಳಾಗುವುದು. ಗೌನ್ ಬಿಚ್ಚಿ ಸಾಡೊ (ಮದುವೆಯ ಸೀರೆ) ಉಡುವ ಗಡಿಬಿಡಿಯಲ್ಲಿ ಒಬ್ಬಳು ಡೋರಿ ಸಡಿಲಿಸದೆ ಹುಕ್ಕಿಗೇ ಕೈ ಹಾಕಿದಳು. ಎರಡು ಹುಕ್ಕು ಬಗ್ಗಿಯೇ ಹೋದವು. ಮೊದಲು ಡೋರಿ, ಆಮೇಲೆ ಹುಕ್ಕು.

ಬಿಚ್ಚಿದ್ದನ್ನು ಒಳಭಾಗ ಹೊರಗೆ ಮಾಡಿ ಕುರ್ಚಿಯ ಬೆನ್ನಿಗೆ ಹಾಕಿ, ಇಡೀ ರಾತ್ರಿ ಫ್ಯಾನ್ ಕೆಳಗೆ ಬಿಡಿ. ಮೆಷಿನ್‌ಗೆ ಹಾಕಬೇಡಿ, ಬಕೆಟ್‌ನಲ್ಲಿ ನೆನೆಸಲೂಬೇಡಿ. ಬೆವರಿನ ಕಲೆ ಇದ್ದಲ್ಲಿ ಮಾತ್ರ ಸೋಪಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ.

ಇನ್ನು ಮಳೆಗಾಲ. ಒಂದು ಜೂನ್‌ನಲ್ಲಿ ನಾನೇ ಒಂದು ಕಾರ್ಸೆಟನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಬಾಯಿ ಕಟ್ಟಿ, ಕಪಾಟಿನಲ್ಲಿ ಇಟ್ಟೆ. ಧೂಳು ಬೀಳದಿರಲಿ ಅಂತ. ಆಗಸ್ಟ್‌ನಲ್ಲಿ ತೆಗೆದರೆ ಒಳಗೆ ಬೂಷ್ಟು, ಬೋನಿನ ತುದಿ ಇದ್ದಲ್ಲೆಲ್ಲ ಕೆನೆ ಬಣ್ಣದ ಬಟ್ಟೆಗೆ ಕಂದು ಚುಕ್ಕೆ. ತುಕ್ಕಿನ ಕಲೆ ಹೋಗಲೇ ಇಲ್ಲ, ಗಿರಾಕಿಗೆ ಹೊಸತು ಹೊಲಿದುಕೊಟ್ಟೆ. ಈಗ ಹಳೆಯ ಕಾಟನ್ ದಿಂಬಿನ ಕವರಿನಲ್ಲಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ, ಮಡಚದೆ ಚಪ್ಪಟೆಯಾಗಿ ಇಡುತ್ತೇನೆ. ಮಳೆ ಬಿಟ್ಟ ದಿನ ಜಗಲಿಯ ನೆರಳಲ್ಲಿ ಎರಡು ಗಂಟೆ ಗಾಳಿಗೆ ಹಾಕುತ್ತೇನೆ. ಆಗಲೇ ಡೋರಿಯನ್ನೂ ನೋಡಿಕೊಳ್ಳಿ. ಐಲೆಟ್ (ಡೋರಿ ಪೋಣಿಸುವ ತೂತು) ಹತ್ತಿರ ನೂಲು ಎದ್ದಿದ್ದರೆ ಹೊಸತು ಹಾಕಿಸಿ, ಆರು ಮೀಟರ್ ಬೇಕಾಗುತ್ತದೆ.