ರಾತ್ರಿ ಪದೇ ಪದೇ ಏಳುವ ಮಗು: ಡೊಂಬಿವಲಿಯ ಮನೆಯಿಂದ ಒಂದು ಸಲಹೆ

ಮೊದಲ ಮೂರು ತಿಂಗಳಲ್ಲಿ ಹಗಲು-ರಾತ್ರಿಗಳನ್ನು ಗುರುತಿಸುವ ದೇಹದ ಗಡಿಯಾರ ಇನ್ನೂ ರೂಪುಗೊಳ್ಳುತ್ತಿರುವುದರಿಂದ, ಮಗು ಹಾಲಿಗಾಗಿ ರಾತ್ರಿ ಏಳುವುದು ಸಹಜ. ಆಗ ಯಾವ ಶಿಸ್ತನ್ನೂ ಹೇರಬೇಕಿಲ್ಲ. 4ರಿಂದ 12 ತಿಂಗಳ ಮಗುವಿಗೆ ಹಗಲಿನ ನಿದ್ದೆಯೂ ಸೇರಿ ದಿನಕ್ಕೆ 12ರಿಂದ 16 ಗಂಟೆ, ಒಂದೆರಡು ವರ್ಷದವರಿಗೆ 11ರಿಂದ 14 ಗಂಟೆ ನಿದ್ದೆ ಬೇಕಾಗುತ್ತದೆ.

ನಮ್ಮ ಮುಂಬಯಿ ಕಡೆಯ ಮನೆಗಳ ತೊಡಕು ಬೇರೆಯೇ. ತಂದೆ ಲೋಕಲ್‌ ರೈಲಿನಲ್ಲಿ ನಿಂತು ಡೊಂಬಿವಲಿ ತಲುಪುವಾಗ ರಾತ್ರಿ ಒಂಬತ್ತೂವರೆ ದಾಟಿರುತ್ತದೆ. ತೂಕಡಿಸುತ್ತಿರುವ ಮಗುವನ್ನು ಆಗ ಎತ್ತಿ ಆಡಿಸಿದರೆ, ನಿದ್ದೆಯ ಹೊತ್ತು ಮೀರಿ ದಣಿದ ಮಗು ಮಲಗಲು ಹಟ ಮಾಡುವುದಲ್ಲದೆ, ನಡುರಾತ್ರಿಯಲ್ಲೂ ಎದ್ದು ಅಳುತ್ತದೆ. ನಾವು ತಂದೆ-ಮಗಳ ಆಟವನ್ನು ಬೆಳಗಿನ ಆರೂವರೆಗೆ ಬದಲಾಯಿಸಿದೆವು. ಅತ್ತೆಯವರಿಗೆ ಇದು ಮೊದಮೊದಲು ಕಠೋರವೆನಿಸಿತ್ತು.

ಸಂಜೆ ಏಳೂವರೆಗೆ ಬೆಚ್ಚನೆಯ ನೀರಿನ ಸ್ನಾನ, ನಂತರ ಮಂದ ಬೆಳಕಿನಲ್ಲಿ ಹಾಲು, ಕೊನೆಗೆ ಒಂದು ಲಾಲಿ. ಈ ಕ್ರಮ ದಿನವೂ ಒಂದೇ ಇರಲಿ. ಟಿವಿ, ಮೊಬೈಲು ಆ ಕೋಣೆಗೆ ಬೇಡ. ಕಣ್ಣು ಎಳೆಯುತ್ತಿರುವಾಗಲೇ, ಪೂರ್ತಿ ನಿದ್ದೆಹೋಗುವ ಮೊದಲು ಮಗುವನ್ನು ಹಾಸಿಗೆಗೆ ಇಳಿಸಬೇಕು. ತೊಡೆಯ ಮೇಲೆಯೇ ನಿದ್ದೆಹೋದ ಮಗು ನಡುವೆ ಎಚ್ಚರವಾದಾಗ ಅದೇ ತೊಡೆಯನ್ನು ಹುಡುಕುವುದು ನನ್ನ ಅನುಭವ.

ವರ್ಷದೊಳಗಿನ ಮಗುವನ್ನು ಅಂಗಾತವಾಗಿ, ಮೆತ್ತಗಿಲ್ಲದ ಹಾಸಿನ ಮೇಲೆ, ದಿಂಬು ಮತ್ತು ಸಡಿಲ ಹೊದಿಕೆಗಳಿಲ್ಲದೆ ಮಲಗಿಸಿ. ಇಲ್ಲಿನ ಸೆಕೆಯಲ್ಲಿ ತೆಳು ಹತ್ತಿಯ ಅಂಗಿ ಸಾಕು, ಟೋಪಿ ಬೇಡ. ಮಗು ನಿತ್ಯ ಗೊರಕೆ ಹೊಡೆಯುತ್ತಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ.