ಹೊರದೇಶದಿಂದ ಪಾತ್ರೆ, ಮಿಕ್ಸರ್, ಫರ್ನಿಚರ್ ತರಿಸುವವರಿಗೆ: ಎಚ್‌ಎಸ್ ಕೋಡ್ ಹುಡುಕುವುದು ಹೀಗೆ

ಬೆಳಗಾವಿಯ ರವಿವಾರ ಪೇಟೆಯಲ್ಲೋ ಖಡೇ ಬಜಾರದಲ್ಲೋ ಅಂಗಡಿ ಇಟ್ಟುಕೊಂಡು, ಈ ಸಲ ಮಾಲನ್ನು ಚೀನಾದಿಂದ ನೇರವಾಗಿ ತರಿಸೋಣ ಅಂತ ಲೆಕ್ಕ ಹಾಕುತ್ತಿದ್ದೀರಾ? ಹಾಗಾದರೆ ಅಡ್ವಾನ್ಸ್ ಕಳಿಸುವ ಮೊದಲೇ ಪ್ರತಿ ವಸ್ತುವಿನ ಎಚ್‌ಎಸ್ ಕೋಡ್, ಅಂದರೆ ಯಾವ ಮಾಲಿಗೆ ಎಷ್ಟು ಸುಂಕ ಅಂತ ನೋಡಲು ಕಸ್ಟಮ್ಸ್ ಬಳಸುವ ಸಂಖ್ಯೆಯನ್ನು ನೀವೇ ಕೂತು ಹುಡುಕಿ. ಸಪ್ಲೈಯರ್ ಇನ್‌ವಾಯ್ಸ್‌ನಲ್ಲಿ ಬರೆದಿದ್ದಾನೆ, ಉಳಿದದ್ದು ಕ್ಲಿಯರಿಂಗ್ ಏಜೆಂಟ್ ನೋಡಿಕೊಳ್ಳುತ್ತಾರೆ ಅಂತ ಬಿಡಬೇಡಿ. ಕಸ್ಟಮ್ಸ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಡ್ಯೂಟಿ (ಆಮದು ಸುಂಕ) ಲೆಕ್ಕ ಹಾಕಿ ಹೇಳಬೇಕಾದವರು ಮಾಲು ತರಿಸುವವರೇ. ಕೋಡ್ ತಪ್ಪಿದರೆ ಬಾಕಿ ಡ್ಯೂಟಿ, ಬಡ್ಡಿ, ದಂಡ ಎಲ್ಲ ನಿಮ್ಮ ತಲೆಗೇ. ಮಾಲು ಅಂಗಡಿಗೆ ಬಂದು ಮಾರಾಟ ಆದ ಮೇಲೂ ಸಾಮಾನ್ಯವಾಗಿ 2 ವರ್ಷದವರೆಗೆ, ಬೇಕಂತಲೇ ಸುಳ್ಳು ಹೇಳಿದ್ದು ಅಂತಾದರೆ 5 ವರ್ಷದವರೆಗೆ ನೋಟಿಸ್ ಬರಬಹುದು. ಇನ್ನು ಮುಂಬೈ ಹತ್ತಿರದ ನ್ಹಾವಾ ಶೇವಾ ಬಂದರಿನಲ್ಲಿ ಕಂಟೇನರ್ ನಿಂತು ದಿನದಿನಕ್ಕೆ ಡೆಮರೇಜ್ (ತಡವಾದದ್ದಕ್ಕೆ ಕಟ್ಟುವ ಬಾಡಿಗೆ) ಏರುತ್ತಿರುವಾಗ ಬೆಳಗಾವಿಯಲ್ಲಿ ಕೂತು ಫೋನಿನಲ್ಲಿ ವಾದ ಮಾಡುವುದು ಎಷ್ಟು ಕಷ್ಟ ಅಂತ ಬೇರೆ ಹೇಳಬೇಕಿಲ್ಲ.

ನಮ್ಮ ದೇಶದ ಕೋಡ್‌ಗೆ 8 ಅಂಕಿ. ಮೊದಲ 2 ಅಂಕಿ ಸೇರಿದರೆ ಅಧ್ಯಾಯ, 4 ಆದರೆ ಹೆಡಿಂಗ್, 6 ಆದರೆ ಸಬ್‌ಹೆಡಿಂಗ್. ಈ 6 ಅಂಕಿ ವಿಶ್ವ ಕಸ್ಟಮ್ಸ್ ಸಂಸ್ಥೆಯದ್ದು, ಅದನ್ನು ಪಾಲಿಸುವ ಎಲ್ಲ ದೇಶಗಳಲ್ಲೂ ಒಂದೇ. ಕೊನೆಯ 2 ನಮ್ಮದು, 1975ರ ಕಸ್ಟಮ್ಸ್ ಟ್ಯಾರಿಫ್ ಕಾಯ್ದೆಯ ಮೊದಲ ಶೆಡ್ಯೂಲ್‌ನಲ್ಲಿ ಸಿಗುತ್ತದೆ. ಚೀನಾದವರು 10 ಅಂಕಿ ಕೊಡುತ್ತಾರೆ. ಅದರಲ್ಲಿ ಮೊದಲ 6 ನಿಮಗೆ ಸುಳಿವು ಮಾತ್ರ, ಉಳಿದದ್ದನ್ನು ಮರೆತುಬಿಡಿ.

ಈಗ ಸ್ಯಾಂಪಲ್ ಕೈಗೆ ತೆಗೆದುಕೊಳ್ಳಿ. ಇದು ಯಾವುದರಿಂದ ಮಾಡಿದ್ದು? ಇದಕ್ಕೆ ಮೋಟಾರ್ ಇದೆಯಾ, ಬಿಸಿ ಮಾಡುವ ಕಾಯಿಲ್ ಇದೆಯಾ, ಏನೂ ಇಲ್ಲವಾ? ಮುಖ್ಯವಾಗಿ ಮಾಡುವ ಕೆಲಸ ಏನು? ಮನೆ ಸಾಮಾನಿನಲ್ಲಿ ಅರ್ಧ ದಾರಿ ಇಷ್ಟರಲ್ಲೇ ಮುಗಿಯುತ್ತದೆ. ಒಂದೇ ಆಕಾರದ ತಟ್ಟೆ ಸ್ಟೀಲಿನದ್ದಾದರೆ 7323, ಅಲ್ಯೂಮಿನಿಯಂ ಆದರೆ 7615, ಪ್ಲಾಸ್ಟಿಕ್ ಆದರೆ 3924, ಗಾಜಾದರೆ 7013, ಪೋರ್ಸಲೀನ್ ಆದರೆ 6911, ಬೇರೆ ಸೆರಾಮಿಕ್ ಆದರೆ 6912, ಮರದ್ದಾದರೆ 4419. ತಾಮ್ರದ್ದು 7418, ಹಿತ್ತಾಳೆಯೂ ಅಲ್ಲಿಗೇ, ಯಾಕೆಂದರೆ ಅದು ತಾಮ್ರದ ಮಿಶ್ರಲೋಹ. ಆದರೆ ಹಿತ್ತಾಳೆಯ ಗಣಪತಿ ಮೂರ್ತಿ 8306ಕ್ಕೆ ಹೋಗುತ್ತದೆ, ಎಣ್ಣೆ ದೀಪ 9405ಕ್ಕೆ. ಲೋಹ ಒಂದೇ ಆದರೂ ಕೆಲಸ ಬೇರೆ ಅಲ್ವಾ.

ಜನ ಜಾಸ್ತಿ ಎಡವುವುದು ನೀರಿನ ಬಾಟಲಿಯಲ್ಲಿ. ಹೊರಗಿನಿಂದ ಎರಡೂ ಸ್ಟೀಲ್, ಎರಡೂ ಒಂದೇ ಬಣ್ಣ, ಇನ್‌ವಾಯ್ಸ್‌ನಲ್ಲೂ ಎರಡಕ್ಕೂ ಸ್ಟೀಲ್ ಬಾಟಲ್ ಅಂತಲೇ ಇರುತ್ತದೆ. ಒಂದೇ ಪದರದ ಬಾಟಲಿ 7323. ಎರಡು ಗೋಡೆಗಳ ನಡುವೆ ಗಾಳಿ ತೆಗೆದು ನಿರ್ವಾತ ಮಾಡಿದ್ದರೆ ಅದು 9617, ಥರ್ಮೋಸ್ ಫ್ಲಾಸ್ಕ್‌ಗಳ ಹೆಡಿಂಗ್. ಎರಡು ಪದರ ಇದ್ದ ಮಾತ್ರಕ್ಕೆ ನಿರ್ವಾತ ಇದೆ ಅಂತ ಅಲ್ಲ, ಕೆಲವದರಲ್ಲಿ ನಡುವೆ ಬರೀ ಗಾಳಿ ಅಥವಾ ಫೋಮ್ ಇರುತ್ತದೆ. ಸಪ್ಲೈಯರ್‌ಗೆ ನೇರವಾಗಿ ಕೇಳಿ, ಉತ್ತರವನ್ನು ಬರವಣಿಗೆಯಲ್ಲೇ ತರಿಸಿಕೊಳ್ಳಿ. ಒಂದು ಬಾಟಲಿ ಕೊಯ್ದು ನೋಡಿದರೂ ನಷ್ಟ ಇಲ್ಲ.

ತಳಕ್ಕೆ ತಾಮ್ರ ಹಚ್ಚಿದ ಸ್ಟೀಲ್ ಪಾತ್ರೆಯನ್ನು ಎಲ್ಲಿ ಹಾಕುವುದು? ಟ್ಯಾರಿಫ್‌ನಲ್ಲಿ ಲೋಹಗಳ ಅಧ್ಯಾಯಗಳಿಗೆಲ್ಲ ಸೇರಿಸಿ ಬರೆದ ವಿಭಾಗದ ಟಿಪ್ಪಣಿಯಲ್ಲಿ ಇದಕ್ಕೆ ಉತ್ತರ ಇದೆ. ಎರಡು ಲೋಹ ಸೇರಿದ ವಸ್ತುವಿನಲ್ಲಿ ಯಾವುದರ ತೂಕ ಜಾಸ್ತಿಯೋ ಅದರದ್ದೇ ಅಂತ ಲೆಕ್ಕ. ಇಂಥ ಪಾತ್ರೆಯಲ್ಲಿ ಸಾಮಾನ್ಯವಾಗಿ ಸ್ಟೀಲೇ ಜಾಸ್ತಿ ತೂಗುತ್ತದೆ, ಹಾಗಾಗಿ 7323. ಗ್ಯಾಸ್ ಸ್ಟೋವ್ ಕೂಡ ಸ್ಟೀಲಿನದ್ದೇ, ಆದರೆ ಅದಕ್ಕೆ 7321 ಅಂತ ಬೇರೆ ಹೆಡಿಂಗ್ ಇದೆ. ಕೈಯಿಂದ ತಿರುಗಿಸುವ ಶಾವಿಗೆ ಯಂತ್ರದಂಥದ್ದು 10 ಕೆಜಿ ಒಳಗಿದ್ದರೆ 8210.

ವಿದ್ಯುತ್ ಸಾಮಾನಿಗೆ ಬಂದರೆ, ಮೋಟಾರಿನಿಂದ ಕೆಲಸ ಮಾಡುವ ಮಿಕ್ಸರ್, ಜ್ಯೂಸರ್, ಗ್ರೈಂಡರ್ 8509. ಬಿಸಿ ಮಾಡುವ ಇಸ್ತ್ರಿ ಪೆಟ್ಟಿಗೆ, ಕೆಟಲ್, ರೈಸ್ ಕುಕ್ಕರ್, ಇಂಡಕ್ಷನ್ ಒಲೆ, ಗೀಸರ್ 8516. 8509ರಲ್ಲಿ ಎಲ್ಲ ಯಂತ್ರಕ್ಕೂ 20 ಕೆಜಿ ಮಿತಿ ಅಂತ ಕೆಲವರು ಹೇಳುತ್ತಾರೆ, ಅದು ಸರಿಯಲ್ಲ. 85ನೇ ಅಧ್ಯಾಯದ ಟಿಪ್ಪಣಿ ಓದಿ ನೋಡಿ: ಮನೆಬಳಕೆಯ ಗ್ರೈಂಡರ್, ಮಿಕ್ಸರ್, ಜ್ಯೂಸರ್‌ಗೆ ತೂಕದ ಮಿತಿಯೇ ಇಲ್ಲ. ಫ್ರಿಜ್ 8418, ವಾಷಿಂಗ್ ಮಷೀನ್ 8450, ಫ್ಯಾನ್ 8414. ಇವುಗಳಿಗೂ ಮೋಟಾರ್ ಇದೆ, ಆದರೆ ಹೆಸರು ಹಿಡಿದು ಹೇಳುವ ಹೆಡಿಂಗ್ ಬೇರೆಡೆ ಇದೆ. ಬಿಸಿಯನ್ನೂ ಮಾಡಿ ರುಬ್ಬುವುದನ್ನೂ ಮಾಡುವ ಸೂಪ್ ಮೇಕರ್ ಬಂದರೆ ಅದರ ಮುಖ್ಯ ಕೆಲಸ ಯಾವುದು ಅಂತ ಕ್ಯಾಟಲಾಗ್ ಇಟ್ಟುಕೊಂಡು ತೀರ್ಮಾನಿಸಬೇಕು.

ಹೆಡಿಂಗ್‌ನ ಸಾಲು ಓದಿದ ಮೇಲೆ ಅಧ್ಯಾಯದ ಮೊದಲ ಪುಟಕ್ಕೆ ಹೋಗಿ ಟಿಪ್ಪಣಿ ಓದಲೇಬೇಕು. ಇದನ್ನು ಬಿಟ್ಟು ಬರೀ ಗೂಗಲ್‌ನಲ್ಲಿ ಹುಡುಕಿದ ಕೋಡ್ ನಂಬಬೇಡಿ ಅಂತ ಕೈಮುಗಿದು ಹೇಳುತ್ತೇನೆ. ಕೋಡ್ ನಿರ್ಧರಿಸಲು ಒಟ್ಟು 6 ಸಾಮಾನ್ಯ ನಿಯಮಗಳಿವೆ, ಮೊದಲನೆಯದು ಹೇಳುವುದೇ ಹೆಡಿಂಗ್ ಮತ್ತು ಟಿಪ್ಪಣಿಯ ಮಾತೇ ಅಂತಿಮ ಅಂತ. ಎರಡನೆಯ ನಿಯಮ ಫರ್ನಿಚರ್‌ನವರಿಗೆ ಬೇಕು. ಬಿಡಿ ಹಲಗೆ, ಸ್ಕ್ರೂ ಆಗಿ ಡಬ್ಬಿಯಲ್ಲಿ ಬಂದ ಪೂರ್ತಿ ಕಪಾಟು ಕಪಾಟೇ, ಅಂದರೆ 9403. ಕುರ್ಚಿ, ಸೋಫಾ 9401. ಮೂರನೆಯ ನಿಯಮ ಸೆಟ್‌ಗಳದ್ದು. ಬಟ್ಟೆಯ ಚೀಲ, ಸ್ಟೀಲ್ ಡಬ್ಬಿ, ಚಮಚ ಸೇರಿಸಿ ಒಂದೇ ಪ್ಯಾಕಿನಲ್ಲಿ ಮಾರುವ ಟಿಫಿನ್ ಸೆಟ್‌ಗೆ ಒಂದೇ ಕೋಡ್, ಅದರ ಜೀವಾಳವಾದ ಸ್ಟೀಲ್ ಡಬ್ಬಿಯದ್ದು. ಆದರೆ ಕುಕ್ಕರ್ ಜೊತೆ ಬೆಡ್‌ಶೀಟ್ ಫ್ರೀ ಅಂತ ಕಟ್ಟಿದರೆ ಅದು ಸೆಟ್ ಆಗುವುದಿಲ್ಲ. ಎರಡಕ್ಕೂ ಸೇರಿ ಒಂದು ಉದ್ದೇಶ ಇಲ್ಲ, ಬೇರೆ ಬೇರೆ ಕೋಡ್ ಬರೆಯಬೇಕು.

ಹಾಸಿಗೆ ಕಡೆಯದ್ದು ಸುಲಭ. ಬೆಡ್‌ಶೀಟ್, ಟವೆಲ್ 6302, ಕಂಬಳಿ 6301, ಪರದೆ 6303, ಒಳಗೆ ಹತ್ತಿ ಅಥವಾ ಫೈಬರ್ ತುಂಬಿದ ರಜಾಯಿ, ದಿಂಬು 9404.

ಕೋಡ್ ಸಿಕ್ಕ ಮೇಲೆ ದರ ನೋಡಿ. ದರಗಳು ಬಜೆಟ್‌ನಲ್ಲೂ ನಡುವೆ ಬರುವ ಅಧಿಸೂಚನೆಗಳಲ್ಲೂ ಬದಲಾಗುತ್ತವೆ, ಆದ್ದರಿಂದ ಸಿಬಿಐಸಿ (ಕೇಂದ್ರದ ಪರೋಕ್ಷ ತೆರಿಗೆ ಮತ್ತು ಕಸ್ಟಮ್ಸ್ ಮಂಡಳಿ) ಅಥವಾ ಕಸ್ಟಮ್ಸ್‌ನದ್ದೇ ಆದ ಐಸ್‌ಗೇಟ್ ಜಾಲತಾಣದಲ್ಲಿ ಆ ದಿನದ್ದನ್ನೇ ತೆಗೆದುಕೊಳ್ಳಿ. ಲೆಕ್ಕದ ಕ್ರಮ ಮಾತ್ರ ಹೀಗಿರುತ್ತದೆ. ಮಾಲಿನ ಬೆಲೆ, ಹಡಗಿನ ಬಾಡಿಗೆ, ವಿಮೆ ಸೇರಿ 1,00,000 ರೂಪಾಯಿ ಅಂದುಕೊಳ್ಳಿ, ಮೂಲ ಡ್ಯೂಟಿ 20% ಅಂತ ಹಿಡಿಯಿರಿ, 20,000 ಆಯಿತು. ಆ ಡ್ಯೂಟಿಯ ಮೇಲೆ 10% ಸಮಾಜ ಕಲ್ಯಾಣ ಸರ್‌ಚಾರ್ಜ್, 2,000. ಒಟ್ಟು 1,22,000ದ ಮೇಲೆ 18% ಐಜಿಎಸ್‌ಟಿ (ಆಮದಿಗೆ ಹಾಕುವ ಜಿಎಸ್‌ಟಿ) ಅಂದರೆ 21,960. ಕಟ್ಟಬೇಕಾದ್ದು 43,960. ಜಿಎಸ್‌ಟಿ ನೋಂದಣಿ ಇದ್ದರೆ ಐಜಿಎಸ್‌ಟಿಯನ್ನು ಕ್ರೆಡಿಟ್ ಪಡೆಯಬಹುದು, ಮೂಲ ಡ್ಯೂಟಿ ಮತ್ತು ಸರ್‌ಚಾರ್ಜ್ ವಾಪಸ್ ಬರುವುದಿಲ್ಲ. ಅದನ್ನು ಮಾಲಿನ ಖರ್ಚಿಗೇ ಸೇರಿಸಿ ರೇಟ್ ಹಾಕಿ.

ಕೋಡ್ ಡ್ಯೂಟಿಗೆ ಮಾತ್ರ ಅಲ್ಲ, ಮಾಲಿಗೆ ಬೇರೆ ಯಾವ ಷರತ್ತು ಇದೆ ಅಂತ ನೋಡುವುದಕ್ಕೂ ಬೇಕು. ಮನೆಬಳಕೆಯ ಪ್ರೆಶರ್ ಕುಕ್ಕರ್‌ಗೆ ಐಎಸ್‌ಐ ಮುದ್ರೆ ಕಡ್ಡಾಯ, ಆಟಿಕೆಗಳಿಗೂ ಹಾಗೇ. ಆ ಮುದ್ರೆಯ ಲೈಸೆನ್ಸ್ ಇರಬೇಕಾದ್ದು ಮಾಲು ಮಾಡುವ ಹೊರದೇಶದ ಕಾರ್ಖಾನೆಗೆ. ಅದಿಲ್ಲದೆ ಮಾಲು ಹತ್ತಿಸಿದರೆ ಡ್ಯೂಟಿ ಕಟ್ಟಿದರೂ ಬಿಡುಗಡೆ ಆಗುವುದಿಲ್ಲ.

ದುಬೈಯಿಂದಲೋ ಅಮೆರಿಕದಿಂದಲೋ ಬಾಗಲಕೋಟೆ, ವಿಜಯಪುರಕ್ಕೆ ವಾಪಸ್ ಬರುವವರು ಇಷ್ಟು ಚಿಂತೆ ಮಾಡಬೇಕಿಲ್ಲ. ಪ್ರಯಾಣಿಕರ ಬ್ಯಾಗೇಜ್ 9803ರಲ್ಲಿ, ಅಂಚೆ ಅಥವಾ ವಿಮಾನದಲ್ಲಿ ಸ್ವಂತಕ್ಕೆ ತರಿಸುವ ಪಾರ್ಸೆಲ್ 9804ರಲ್ಲಿ ಬರುತ್ತದೆ. ಅಲ್ಲಿ ವಸ್ತುವಿಗೊಂದು ಕೋಡ್ ಹುಡುಕುವ ಕೆಲಸ ಸಾಮಾನ್ಯವಾಗಿ ಇರುವುದಿಲ್ಲ. ಮನೆ ಸಾಮಾನು ಪೂರ್ತಿ ಸಾಗಿಸುವವರು ವಾಸ ಬದಲಾವಣೆಯ ರಿಯಾಯಿತಿ ಸಿಗುತ್ತದಾ ಅಂತ ಪ್ಯಾಕ್ ಮಾಡುವ ಮೊದಲೇ ವಿಚಾರಿಸಿ.

ದೊಡ್ಡ ಆರ್ಡರ್, ಎರಡು ಹೆಡಿಂಗ್ ನಡುವೆ ಅನುಮಾನ ತೀರುತ್ತಿಲ್ಲ ಅಂದರೆ ಕಸ್ಟಮ್ಸ್ ಅಡ್ವಾನ್ಸ್ ರೂಲಿಂಗ್‌ಗೆ ಅರ್ಜಿ ಹಾಕಿ ಮೊದಲೇ ಉತ್ತರ ಪಡೆಯಬಹುದು, ಮುಂಬೈ ಮತ್ತು ದೆಹಲಿಯಲ್ಲಿ ಪ್ರಾಧಿಕಾರ ಇದೆ. ಸಣ್ಣ ಮಾಲಿಗೆ ಪ್ರತಿ ವಸ್ತುವಿಗೊಂದು ಹಾಳೆ ಮಾಡಿ: ಫೋಟೋ, ಕ್ಯಾಟಲಾಗ್ ಪುಟ, ತೂಕ, ಯಾವ ಲೋಹ ಎಷ್ಟು, ನೀವು ಆರಿಸಿದ ಕೋಡ್, ಯಾವ ಟಿಪ್ಪಣಿ ನೋಡಿ ಆರಿಸಿದಿರಿ. ಬಿಲ್ ಆಫ್ ಎಂಟ್ರಿಯಲ್ಲಿ (ಕಸ್ಟಮ್ಸ್‌ಗೆ ಸಲ್ಲಿಸುವ ಆಮದು ಘೋಷಣೆ) ಸುಮ್ನೆ ಕಿಚನ್ ಐಟಂ ಅಂತ ಬರೆಸಬೇಡಿ, ನಿರ್ವಾತ ಇರುವ ಸ್ಟೀಲ್ ಫ್ಲಾಸ್ಕ್ 750 ಎಂಎಲ್ ಅಂತ ಬಿಡಿಸಿ ಬರೆಸಿ. ಏಜೆಂಟ್ ಬಿಲ್ ಸಲ್ಲಿಸುವ ಮೊದಲು ಅದರ ಚೆಕ್‌ಲಿಸ್ಟ್ ಕಳಿಸುತ್ತಾರೆ, ಆಗ ಪ್ರತಿ ಸಾಲನ್ನೂ ಈ ಹಾಳೆಯ ಜೊತೆ ಹೋಲಿಸಿ ನೋಡಿ ಆಮೇಲೆ ಒಪ್ಪಿಗೆ ಕೊಡಿ.