ಮರಳಿನ ಮೇಲೆ ಸೆಡಾನ್: ಟ್ಯಾಂಕ್ ಯುದ್ಧದ ಪಾಠ ಮಾಡಿದ ನನ್ನ ಅನುಭವ

ಮಂಡ್ಯದ ಕಾಲೇಜೊಂದರಲ್ಲಿ ಇತಿಹಾಸ ಬೋಧಿಸುವ ನಾನು, 1940ರ ಮೇ ತಿಂಗಳಲ್ಲಿ ಜರ್ಮನ್ ಸೇನೆ ಆರ್ಡೆನ್ ಕಾಡನ್ನು ಹಾದು, ಸೆಡಾನ್ ಪಟ್ಟಣದ ಬಳಿ ಮ್ಯೂಸ್ ನದಿ ದಾಟಿ ಫ್ರಾನ್ಸಿಗೆ ನುಗ್ಗಿದ ಬಗೆಯನ್ನು ಹಲವು ವರ್ಷ ಕಪ್ಪುಹಲಗೆಯ ಮೇಲೆ ಬಾಣಗಳನ್ನು ಎಳೆದೇ ವಿವರಿಸುತ್ತಿದ್ದೆ. ಜರ್ಮನರ ಟ್ಯಾಂಕುಗಳು ಬಲವಾಗಿದ್ದವು, ಆದ್ದರಿಂದ ಗೆದ್ದರು ಎಂದು ವಿದ್ಯಾರ್ಥಿಗಳು ಉತ್ತರಪತ್ರಿಕೆಯಲ್ಲಿ ಬರೆಯುತ್ತಿದ್ದರು. ಅದು ತಪ್ಪು. ಫ್ರೆಂಚರ ಷಾರ್ ಬಿ-1 ಬಿಸ್ ಟ್ಯಾಂಕಿನ ಕವಚ 60 ಮಿ.ಮೀ. ದಪ್ಪವಿತ್ತು, ಜರ್ಮನರ ಬಹುಪಾಲು ಟ್ಯಾಂಕುಗಳ ಕವಚ ಅದರ ಅರ್ಧವನ್ನೂ ಮೀರುತ್ತಿರಲಿಲ್ಲ.

ಈ ತಪ್ಪು ತಿದ್ದಲೆಂದು ಕೋಣೆಯ ನೆಲಕ್ಕೆ ಟಾರ್ಪಾಲು ಹಾಸಿ ಮರಳು ಸುರಿಸಿ, ವಿದ್ಯಾರ್ಥಿಗಳನ್ನು ಜರ್ಮನ್, ಫ್ರೆಂಚ್ ಎಂದು ಎರಡು ಪಕ್ಷ ಮಾಡಿ ಯುದ್ಧದ ಆಟ ಆಡಿಸಿದೆ. ಮ್ಯೂಸ್ ನದಿಗೆ ನೀಲಿ ರಿಬ್ಬನ್, ಆರ್ಡೆನ್ ಕಾಡಿಗೆ ಹಸಿರು ಸೊಪ್ಪು, ಟ್ಯಾಂಕುಗಳಿಗೆ ಬೆಂಕಿಪೊಟ್ಟಣ. ಕಾಡಿನ ನಾಲ್ಕೇ ಮುಖ್ಯ ದಾರಿಗಳಲ್ಲಿ ಜರ್ಮನ್ ಸೇನಾಪತಿ ಕ್ಲೈಸ್ಟ್‌ನ ಪಡೆಯ ಸುಮಾರು 41,000 ವಾಹನಗಳು ಸಾಗಬೇಕಿತ್ತು ಎಂದಾಗ, ಅರೆಯುವ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಯ ಮುಂದೆ ಮೈಲುಗಟ್ಟಲೆ ನಿಲ್ಲುವ ಕಬ್ಬಿನ ಗಾಡಿಗಳ ಸಾಲು ಕಂಡು ಬೆಳೆದ ಹುಡುಗರಿಗೆ ಆ ಇಕ್ಕಟ್ಟನ್ನು ಮತ್ತೆ ಬಿಡಿಸಿ ಹೇಳಬೇಕಾಗಲಿಲ್ಲ.

ಆಟದ ಜೀವಾಳವೆಲ್ಲ ಒಂದು ನಿಯಮದಲ್ಲಿತ್ತು. ಜರ್ಮನ್ ಪಕ್ಷದವರು ಪರಸ್ಪರ ಬಾಯಿಬಿಟ್ಟು ಮಾತಾಡಬಹುದು, ಏಕೆಂದರೆ ಮೊದಲ ಮಹಾಯುದ್ಧದಲ್ಲಿ ಸಂಪರ್ಕ ವಿಭಾಗದಲ್ಲಿ ದುಡಿದಿದ್ದ ಜರ್ಮನ್ ಟ್ಯಾಂಕ್ ಸೇನಾಪತಿ ಗುಡೇರಿಯನ್ ಟ್ಯಾಂಕುಗಳಿಗೆ ರೇಡಿಯೊ ಬೇಕೆಂದು ಪಟ್ಟು ಹಿಡಿದಿದ್ದ. ಫ್ರೆಂಚ್ ಪಕ್ಷದವರು ಮಾತ್ರ ಚೀಟಿ ಬರೆದು, ಅದನ್ನು ಕಾರಿಡಾರಿನ ತುದಿಯಲ್ಲಿ ಕುಳಿತ ದಂಡನಾಯಕನಿಗೆ ಮುಟ್ಟಿಸಿ, ಉತ್ತರ ತರಬೇಕು. ಪ್ಯಾರಿಸ್ ಬಳಿಯ ವೆನ್ಸೆನ್ ಕೋಟೆಯಲ್ಲಿದ್ದ ಫ್ರೆಂಚ್ ದಂಡನಾಯಕ ಗಾಮ್ಲೆನ್‌ನ ಕೇಂದ್ರ ಕಚೇರಿಯಲ್ಲಿ ರೇಡಿಯೊ ಇರಲೇ ಇಲ್ಲ.

ಪೂರೈಕೆಗೆ ಹುರುಳಿ ಕಾಳು ಬಳಸಿದೆ: ಕಾಳು ಮುಗಿದ ಪೊಟ್ಟಣ ಅಲುಗುವಂತಿಲ್ಲ. ಇಲ್ಲಿ ನಮ್ಮ ಅರಕೆರೆಯ ನೆನಪು ತಾನಾಗಿ ಬಂತು. 1791ರ ಮೇ ತಿಂಗಳಲ್ಲಿ ಅಲ್ಲಿ ಟಿಪ್ಪುವಿನ ಸೇನೆಯನ್ನು ಹಿಮ್ಮೆಟ್ಟಿಸಿಯೂ ಕಾರ್ನ್‌ವಾಲಿಸ್, ಧಾನ್ಯ ಸಾಲದೆ, ಎತ್ತುಗಳು ಸತ್ತು, ತನ್ನ ಭಾರೀ ಫಿರಂಗಿಗಳನ್ನು ತಾನೇ ನಾಶಮಾಡಿ ಶ್ರೀರಂಗಪಟ್ಟಣದ ಎದುರಿನಿಂದ ಹಿಂದಿರುಗಿದ್ದ. ಕಾಳಿನ ಬಟ್ಟಲನ್ನು ಜರ್ಮನ್ ಪಕ್ಷದವರು ಅಲ್ಲಿಂದ ಮುಂದೆ ಕೈಬಿಡಲಿಲ್ಲ.

1940ರ ಮೇ 13ರ ಮಧ್ಯಾಹ್ನ ಜರ್ಮನ್ ಪದಾತಿಗಳು ರಬ್ಬರ್ ದೋಣಿಗಳಲ್ಲಿ ಸೆಡಾನ್ ಬಳಿ ನದಿ ದಾಟಿದರು. ರಾತ್ರಿ ತೇಲುಸೇತುವೆ ಸಿದ್ಧವಾಯಿತು. 14ರ ಬೆಳಿಗ್ಗೆ ಟ್ಯಾಂಕುಗಳು ಆಚೆ ದಡದಲ್ಲಿದ್ದವು. ಹಿಂದಿನ ಸಂಜೆಯೇ ನಿಶ್ಚಯವಾಗಿದ್ದ ಫ್ರೆಂಚರ ಪ್ರತಿದಾಳಿ ಹೊರಟದ್ದು ಆ ಬೆಳಿಗ್ಗೆಯೇ. ನಮ್ಮ ಕೋಣೆಯಲ್ಲೂ ಹಾಗೆಯೇ ನಡೆಯಿತು. ‘ಸೇತುವೆಯನ್ನು ಈಗಲೇ ಹೊಡೆಯಿರಿ’ ಎಂಬ ಚೀಟಿ ಹಿಡಿದು ವಿದ್ಯಾರ್ಥಿನಿಯೊಬ್ಬಳು ಏದುಸಿರು ಬಿಡುತ್ತ ಬಾಗಿಲಿಗೆ ಬಂದಾಗ, ನೀಲಿ ರಿಬ್ಬನ್ನಿನ ಈಚೆಗೆ ಹನ್ನೊಂದು ಬೆಂಕಿಪೊಟ್ಟಣಗಳು ಆಗಲೇ ನಿಂತಿದ್ದವು.